ತೂತಿಲ್ಲದ ಮುಚ್ಚಳ

ಮುರಿದ ಸೌಟಿಗೆ ಹಿಡಿ ಹಾಕಿಸಿ ಕೊಡಿ ಎಂದು ಹೆಂಡತಿ ವರ್ಷವಿಡೀ ಹೇಳಿದರೂ ಬಿಡುವಾಗದ ಗಂಡಸರಿಗೆ, ಹಳೆಯ ಕಾರಿನ ಕಳೆದುಹೋದ ಮುಚ್ಚಳ ಹುಡುಕುತ್ತ ಊರೂರು ಅಲೆಯಲು ಬಿಡುವು ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಜಡವಸ್ತುಗಳ ಸ್ವಭಾವ ಒಂದಿಷ್ಟು ಬಲ್ಲೆ. ಅಪ್ಪನ ಸ್ವಭಾವ ಮಾತ್ರ ಯಾವ ಸೂತ್ರಕ್ಕೂ ಸಿಕ್ಕಿಲ್ಲ.

ಅಪ್ಪನದು ಬಸ್ ನಿಲ್ದಾಣದ ಎದುರಿಗೆ ಬಟ್ಟೆ ಅಂಗಡಿ. ಅಕ್ಕನ ಮದುವೆ ಜಗಳೂರಿನಲ್ಲಿ ಗಂಡಿನವರ ಮನೆಯ ಮುಂದೆ ಎಂದು ಗೊತ್ತಾದ ದಿನ, ಬೀಗರ ಎದುರು ಮಾತಿನ ಭರದಲ್ಲಿ, "ನಮ್ಮ ಹುಡುಗಿ ಬಸ್ಸಿನಾಗೆ ಬರಾಕಿಲ್ಲ ರೀ, ಸ್ವಂತ ಕಾರಿನಾಗೆ ಬರ್ತಾಳೆ" ಎಂದುಬಿಟ್ಟರು. ಆಗ ನಮ್ಮ ಮನೆಯಲ್ಲಿದ್ದ ವಾಹನ ಒಂದು ಸೈಕಲ್ಲು. ಬೀಗರು ನಕ್ಕರು. ಆ ನಗು ಅಪ್ಪನಿಗೆ ಗಂಟಲಲ್ಲೇ ನಿಂತಿತು. ಸಂತೇಬೆನ್ನೂರಿನ ಡಾಕ್ಟರೊಬ್ಬರ ಹಿತ್ತಲಲ್ಲಿ ಕೋಳಿಗಳ ವಸತಿಯಾಗಿದ್ದ, ಬ್ರಿಟಿಷರ ಕಾಲದ ಕಾರೊಂದನ್ನು ಎತ್ತಿನ ಗಾಡಿಗೆ ಕಟ್ಟಿಸಿ ಎಳೆದುಕೊಂಡು ಬಂದರು. ಎಂಜಿನ್ನು ಬಿಚ್ಚಿಸಿ, ಬಣ್ಣ ಹೊಡೆಸಿ, ಸೀಟಿಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ದೊಡ್ಡ ಹೂವಿನ ಪರದೆ ಬಟ್ಟೆ ಹೊಲಿಸಿದರು. ಕಾರು ಓಡಿತು. ಇಲ್ಲದ್ದು ಒಂದೇ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರ ಬಾಯಿಗೆ ಅರಿವೆ ತುರುಕಿದ್ದರು. ಅರಿವೆಯಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ಆದ್ದರಿಂದಲೇ ಅಪ್ಪನಿಗೆ ಸಮಾಧಾನವಾಗಲಿಲ್ಲ.

"ಬೀಗರ ಮುಂದೆ ಬಾಯಿಗೆ ಅರಿವೆ ತುರುಕಿದ ಕಾರು ಹೆಂಗೆ ನಿಲ್ಸೋದು?" ಎಂದು ಹೊರಟರು. ನ್ಯಾಮತಿಯಲ್ಲಿ ಅಂಥದೇ ಕಾರು ಒಬ್ಬರ ಹತ್ತಿರ ಇತ್ತು. ಮುಚ್ಚಳವೂ ಇತ್ತು. ಆದರೆ ಅದನ್ನು ಆ ಮನೆಯ ಅಜ್ಜಿ ಅಂಗಾತ ಮಾಡಿ, ಎಲೆಗೆ ಹಚ್ಚುವ ಸುಣ್ಣ ತುಂಬಿಟ್ಟುಕೊಂಡಿದ್ದರು. "ಕಾರು ಬೇಕಾದ್ರೆ ಒಯ್ಯಿ ತಮ್ಮಾ, ಸುಣ್ಣದ ಬಟ್ಲು ಕೊಡಾಕಿಲ್ಲ" ಎಂದರಂತೆ. ಅಪ್ಪ ಚಪಾತಿ ಹಿಟ್ಟಿನಲ್ಲಿ ಅದರ ಅಚ್ಚು ತೆಗೆದುಕೊಂಡು ಹೊನ್ನಾಳಿಗೆ ಹೋಗಿ, ಹಿತ್ತಾಳೆ ಪಾತ್ರೆ ಮಾಡುವವರೊಬ್ಬರ ಕೈಯಲ್ಲಿ ಹೊಸ ಮುಚ್ಚಳ ಮಾಡಿಸಿದರು. ಅಂಥ ಮುಚ್ಚಳಕ್ಕೆ ಗಾಳಿ ಆಡಲು ಸಣ್ಣ ತೂತೊಂದು ಇರುತ್ತದೆ. ಅಜ್ಜಿಯ ಸುಣ್ಣ ಅದನ್ನು ಮುಚ್ಚಿಹಾಕಿತ್ತು. ಪಾತ್ರೆಯವರೋ, ಟ್ಯಾಂಕಿನ ಬಾಯಿಗೆ ಹೊಸ ಮುಚ್ಚಳ ಬಿಗಿದು, ಕಿವಿಯಿಟ್ಟು, ಗಂಗಾಜಲದ ತಂಬಿಗೆಗೆ ಕೊಡುವ ಮರ್ಯಾದೆಯನ್ನೇ ಕೊಟ್ಟು ಹೇಳಿದರು: "ಸಾವ್ಕಾರ್ರೆ, ಇದರಾಗಿಂದ ಪೆಟ್ರೋಲಿನ ವಾಸನೀನೂ ಹೊರಗ ಬರಾಕಿಲ್ಲ."

ಮುಚ್ಚಳ ಹಾಕಿಸಲು ಕಾರಿನಲ್ಲೇ ಹೋಗಿದ್ದ ಆ ದಿನ ಅಪ್ಪನ ಜೊತೆ ಡ್ರೈವರು, ಸೋದರಮಾವ, ನಾನು ಇದ್ದೆವು. ಊರಿಗೆ ಮರಳುವಾಗ ಕಾರು ಬಸವಾಪಟ್ಟಣದವರೆಗೂ ಹೋಗದೆ ನಿಂತಿತು. ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಹೋಗದಿದ್ದರೆ ಉಳಿದ ಪೆಟ್ರೋಲು ಮುಂದಕ್ಕೆ ಹರಿಯುವುದಿಲ್ಲ. ಇದು ನನ್ನ ವಿದ್ಯಾರ್ಥಿಗಳಿಗೂ ಗೊತ್ತು, ಕನಿಷ್ಠ ಪರೀಕ್ಷೆಯ ಹಿಂದಿನ ದಿನ. ಡ್ರೈವರು ದೃಷ್ಟಿ ತಾಗಿದೆ ಎಂದ. ಸೋದರಮಾವ ಪೆಟ್ರೋಲಿಗೆ ನೀರು ಬೆರೆಸಿದ್ದಾರೆ ಎಂದರು. ನಾನು ಇಳಿದು, ಎಲ್ಲರೂ ನೋಡಲಿ ಎಂದು ನಿಧಾನವಾಗಿ ಮುಚ್ಚಳ ತಿರುಗಿಸಿದೆ. ಉಸ್ಸೆಂದು ಗಾಳಿ ಒಳಗೆ ಹೋಯಿತು. ಕಾರು ಶುರುವಾಯಿತು. ವಾಯುಭಾರದ ಬಗ್ಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಳಿದರು: "ನೋಡ್ರಿ, ಹುಡುಗಿ ಕೈಗುಣ ಹೆಂಗೈತೆ!"

ಮುಚ್ಚಳಕ್ಕೊಂದು ತೂತು ಹೊಡೆದರೆ ಸಾಕು ಎಂದೆ. ಅಪ್ಪ ಬೆಚ್ಚಿಬಿದ್ದರು. "ಮದುವಿ ಮುಂದಿಟ್ಕೊಂಡು ಹಿತ್ತಾಳಿ ಸಾಮಾನು ತೂತು ಮಾಡ್ತಾರೇನವ್ವ? ನೀ ಬ್ಯಾರೆ ಜೊತಿಗೆ ಇರ್ತೀಯಲ್ಲ." ಕೊಂಚ ಸಡಿಲ ಬಿಡಿ ಎಂದರೆ, ಪೆಟ್ರೋಲು ತುಳುಕಿ ಹೊಸ ಬಣ್ಣ ಹಾಳಾಗುತ್ತದಂತೆ.

ಹೀಗೆ ಮದುವೆಯ ದಿನ, ಹತ್ತು ಜನ ತಿರುಗಿ ನೋಡಿದರೆ ಪಕ್ಕದ ಓಣಿ ಹಿಡಿಯುವ ನಾನು, ಜರಿಸೀರೆ ಉಟ್ಟು ಚನ್ನಗಿರಿಯಿಂದ ಜಗಳೂರಿನವರೆಗೆ ರಸ್ತೆಯುದ್ದಕ್ಕೂ ಇಳಿದಿಳಿದು ಟ್ಯಾಂಕಿನ ಬಾಯಿ ತೆರೆದೆ. ಒಳಗೆ ಅಕ್ಕ ಬಾಸಿಂಗ ಕಟ್ಟಿಕೊಂಡು, "ಮುಹೂರ್ತ ಮೀರಿದ್ರೆ ಏನೇ ಮಾಡೋದು?" ಎಂದು ಅಳು ನುಂಗುತ್ತಿದ್ದಳು. ದಾವಣಗೆರೆ ದಾಟಿದ ಮೇಲೆ ಒಂದು ಕಡೆ ಹೊಲದಲ್ಲಿದ್ದವರೆಲ್ಲ ಬಂದು ಸುತ್ತ ನಿಂತರು. ಒಬ್ಬಾಕೆ ಅಪ್ಪನನ್ನು, "ಪೂಜಿ ಮಾಡೋ ಹುಡುಗೀನ ಜೊತಿಗೇ ಕರ್ಕೊಂಡ್ ಬಂದೀರಾ?" ಎಂದು ಕೇಳಿದಳು. ಅಪ್ಪ ಇಲ್ಲ ಎನ್ನಲಿಲ್ಲ.

ಮುಹೂರ್ತಕ್ಕೆ ಮುಟ್ಟಿದೆವು. ಬೀಗರು ಕಾರಿನ ಸುತ್ತ ಒಂದು ಸುತ್ತು ಬಂದು ಹಿತ್ತಾಳೆ ಮುಚ್ಚಳದಲ್ಲಿ ಮುಖ ನೋಡಿಕೊಂಡರು. ಈ ಸಲ ನಗಲಿಲ್ಲ. ಅಪ್ಪನ ಮುಖ ನೋಡಿದರೆ ಅಕ್ಕನಿಗಿಂತ ಮೊದಲು ಅವರದೇ ಮದುವೆ ಆದಂತಿತ್ತು. ಊಟದ ಹೊತ್ತಿಗೆ ಬೀಗರ ಟ್ರ್ಯಾಕ್ಟರು ಕೆಟ್ಟು ನಿಂತಿತು. ಅಪ್ಪ ನನ್ನನ್ನು ಎಲೆಯ ಮುಂದಿನಿಂದ ಎಬ್ಬಿಸಿ ಕರೆದೊಯ್ದರು. "ಸುಮ್ನೆ ಕೈ ಇಡವ್ವ, ನಿಂದೇನ್ ಹೋಗ್ತೈತೆ." ನನ್ನದು ಹೋಗುವುದು ಮರ್ಯಾದೆ ಎನ್ನಲು ಅದು ಜಾಗವಲ್ಲ. ತಿರಸ್ಕಾರದಿಂದಲೇ ಕೈ ಇಟ್ಟೆ. ಟ್ರ್ಯಾಕ್ಟರು ಶುರುವಾಯಿತು. ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ.

ಊರಿಗೆ ಮರಳಿದ ಮರುದಿನವೇ, ಯಾರನ್ನೂ ಕೇಳದೆ, ಮೊಳೆ ಸುತ್ತಿಗೆ ತೆಗೆದುಕೊಂಡು ಮುಚ್ಚಳಕ್ಕೆ ತೂತು ಹೊಡೆದೆ. ಕಾರು ಆಮೇಲೆ ದಾರಿಯಲ್ಲಿ ನಿಂತದ್ದಿಲ್ಲ. "ನಮ್ಮ ಹುಡುಗಿ ಕೈಗುಣ ಮುಚ್ಚಳಕ್ಕೇ ಇಳಿದೈತೆ" ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಜನರ ಮೂಢನಂಬಿಕೆಗೆ ಏನು ಹೇಳುವುದು. ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮದೊಂದು ಹಳೆಯ ನಿರ್ವಾತ ಪಂಪು ಇದೆ. ಅದು ಹಟ ಹಿಡಿದರೆ ನಾನು ಕವಾಟ ನೋಡುತ್ತೇನೆ, ಎಣ್ಣೆ ನೋಡುತ್ತೇನೆ, ಕೊಳವೆ ನೋಡುತ್ತೇನೆ. ಆಮೇಲೆ ಬಾಗಿಲು ಹಾಕಿದೆಯೇ ಎಂದು ನೋಡಿ, ಪಂಪಿನ ಮೇಲೆ ಬಲಗೈ ಇಡುತ್ತೇನೆ.