ಆರು ಕಾಲಿನ ಉಂಗುರ

ಉಂಗುರಗಳಿಗೆ ಡಿಸೈನು ಬರೆಯುವ ಮಹಾನುಭಾವರು ಯಾರೂ ಜೀವಮಾನದಲ್ಲಿ ರಾಗಿಮುದ್ದೆ ತಿಂದವರಲ್ಲ ಎಂಬುದು ನನಗೀಗ ಖಾತ್ರಿಯಾಗಿದೆ. ತಿಂದಿದ್ದರೆ ಹರಳನ್ನು ಬೆರಳಿನ ಮೇಲೆ ಅಟ್ಟ ಕಟ್ಟಿ ಕೂರಿಸುತ್ತಿರಲಿಲ್ಲ. ನನ್ನ ನಿಶ್ಚಿತಾರ್ಥದ ಉಂಗುರಕ್ಕೆ ಚಿನ್ನದ ಆರು ಕಾಲು. ಆರೂ ಎದ್ದು ನಿಂತು, ಉಗುರಿನಂಥ ತುದಿಗಳಿಂದ ಹರಳನ್ನು ಹಿಡಿದುಕೊಂಡಿವೆ. ಹರಳಿನ ಕೆಳಗೆ ಬರೀ ಖಾಲಿ ಜಾಗ. ಯಾಕೆಂದರೆ ಅದಕ್ಕೆ ಎಲ್ಲ ಕಡೆಯಿಂದ ಬೆಳಕು ಬೀಳಬೇಕಂತೆ, ಆಗಲೇ ಹೊಳೆಯುವುದಂತೆ. ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸಿ ಎಂದು ಅಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ, ಅಪ್ಪ ಇಡಿಸಿಲ್ಲ. ಕಡಲೆಕಾಳಿನಷ್ಟಿಲ್ಲದ ಈ ಹರಳಿಗೆ ಸುತ್ತಲೂ ಕಿಟಕಿ! ಬೆಳಕು ಬರುತ್ತದೋ ಇಲ್ಲವೋ, ಮುದ್ದೆ ಮಾತ್ರ ಧಾರಾಳವಾಗಿ ಒಳಗೆ ಹೋಗುತ್ತದೆ. ಊಟವಾದ ಮೇಲೆ ಗುಂಡುಸೂಜಿ ಹಿಡಿದು ಅದನ್ನು ಕೆರೆಯುತ್ತಾ ಕೂರುವ ಹೆಣ್ಣಿಗೆ ಮದುವೆಯ ಬಗ್ಗೆ ಎಂಥ ಕನಸು ಬಿದ್ದೀತು, ನೀವೇ ಹೇಳಿ.

ಎಡಗೈಗೆ ಹಾಕಿಕೊಳ್ಳಬಾರದಿತ್ತೇ ಎಂದು ಕೇಳುತ್ತೀರಿ. ಕೇಳಿ, ನನ್ನ ಹೊಟ್ಟೆ ಇನ್ನಷ್ಟು ಉರಿಯಲಿ. ಉಂಗುರ ಆರಿಸಿದ ಗಂಡಿನ ಅಕ್ಕ ನಮ್ಮೂರು ಅಜ್ಜಂಪುರಕ್ಕೆ ಬಂದು, ದಾರ ಸುತ್ತಿ ಅಳತೆ ತೆಗೆದುಕೊಂಡು ಹೋದದ್ದು ನನ್ನ ಎಡಗೈ ಬೆರಳಿನದೇ. ಆದರೆ ಗಂಡಿನ ಊರು ತರೀಕೆರೆಯ ಛತ್ರದಲ್ಲಿ ನನ್ನ ಭಾವಿ ಗಂಡ ಮಂಜುನಾಥ್ ಉಂಗುರ ತೊಡಿಸಲು ಬಂದಾಗ ನಮ್ಮ ದೊಡ್ಡಪ್ಪ ಎದ್ದು ನಿಂತು, "ಏನಪ್ಪಾ ಇದು, ಶುಭಕಾರ್ಯಕ್ಕೆ ಎಡಗೈನಾ? ಬಲಗೈ ಕೊಡು ಮಗಾ!" ಎಂದು ಕೂಗಿದರು. ಕೂತಿದ್ದ ಹಿರಿಯರೆಲ್ಲ ಹೌದು ಹೌದು ಎಂದರು. ದಿನವಿಡೀ ಕತ್ತರಿ ಹಿಡಿಯುವ ನನ್ನ ಬಲಗೈ ಬೆರಳಿನ ಗಂಟು ದಪ್ಪ. ಫೋಟೋದವನು "ಸ್ಮೈಲ್ ಮಾಡಿ ಮೇಡಂ" ಎನ್ನುತ್ತಿದ್ದ, ಮಂಜುನಾಥ್ ಬೆವರು ಸುರಿಸುತ್ತಾ ತಳ್ಳುತ್ತಿದ್ದರು. ಗಂಟು ದಾಟುವ ತನಕ ಪ್ರಾಣ ಹಿಂಡಿದ ಉಂಗುರ, ದಾಟಿದ್ದೇ ತಡ, ಗಿರಗಿರ ತಿರುಗತೊಡಗಿತು. ಮೇಲೆ ಹರಳಿನ ಭಾರ, ಕೆಳಗೆ ಕಡ್ಡಿಯಷ್ಟು ತೆಳ್ಳಗಿನ ಸುತ್ತು. ತಿರುಗದೆ ಇನ್ನೇನು ಮಾಡೀತು?

ನಾನು ಬಟ್ಟೆ ಹೊಲಿಯುವವಳು. ರೇಷ್ಮೆಯ ಮೇಲೆ ಕೈಯಾಡಿಸಿಯೇ ನನ್ನ ಅನ್ನ ಹುಟ್ಟಬೇಕು. ಉಂಗುರ ತೊಟ್ಟ ಮೇಲೆ ಆ ಆರು ಕಾಲುಗಳೂ ಪಾಳಿ ಹಚ್ಚಿಕೊಂಡಂತೆ ಎಳೆ ಕೀಳಲು ಶುರುಮಾಡಿದವು. ಪಕ್ಕದ ಮನೆಯ ಸರೋಜಮ್ಮ ಟೀಚರ್ ತಮ್ಮ ಹೊಸ ರವಿಕೆಯನ್ನು ಬೆಳಕಿಗೆ ಹಿಡಿದು, "ಇದೇನವ್ವಾ, ಇಲಿ ಕಡಿದೈತಾ?" ಎಂದರು.

"ಇಲಿ ಅಲ್ಲ ಟೀಚರ್, ನಿಶ್ಚಿತಾರ್ಥ" ಎಂದೆ.

ಅವರು ನಗಲಿಲ್ಲ. ಮಾರನೆಯ ದಿನ ಇನ್ನೊಂದು ರೇಷ್ಮೆ ಸೀರೆಯ ರವಿಕೆ ಬಟ್ಟೆಯನ್ನು ಬೇರೆ ಅಂಗಡಿಗೆ ಕೊಟ್ಟರು. ಸೋಪು ಹಚ್ಚಿ ಉಂಗುರ ಕಳಚೋಣವೆಂದರೆ ಅಮ್ಮ ಬಚ್ಚಲಿಗೇ ಓಡಿಬಂದಳು. "ಮದ್ವೆ ಆಗೋಗಂಟ ಅದನ್ನ ಕೈಯಿಂದ ಇಳಿಸ್ಬ್ಯಾಡ ಕಣೇ, ಅಪಶಕುನ!" ಮದುವೆ ಇನ್ನೂ ಬೇಸಿಗೆಗೆ. ಅಷ್ಟರೊಳಗೆ ನನ್ನ ಅಂಗಡಿಯೇ ಮುಚ್ಚಿಹೋದರೆ ಅದು ಮಾತ್ರ ಶುಭಶಕುನವೇನೋ!

ಬಸ್ಸು ಹತ್ತಿ ಕಡೂರಿಗೆ ಹೋದೆ. ನಮ್ಮ ಮನೆಯ ಒಡವೆಗಳನ್ನೆಲ್ಲ ಮಾಡಿಕೊಟ್ಟ ಆಚಾರ್ರು ಉಂಗುರವನ್ನು ಬೆರಳಲ್ಲೇ ತಿರುಗಿಸಿ ನೋಡಿದರು. "ಈ ಕಾಲೆಲ್ಲ ಕುಯ್ದಾಕಿ, ಹರಳಿನ ಸುತ್ತ ಪಟ್ಟಿ ಕೂರ್ಸಿ ಕ್ಲೋಸ್ ಸೆಟ್ಟಿಂಗ್ ಮಾಡ್ಬೋದು ಕಣಮ್ಮ. ಎಲ್ಲೂ ಸಿಕ್ಕಾಕಳಲ್ಲ. ಹೊಳಪು ಮಾತ್ರ ಒಸಿ ಕಮ್ಮಿ ಆಯ್ತದೆ" ಎಂದರು.

"ಹೊಳಪು ಯಾರಿಗೆ ಬೇಕು, ಕುಯ್ರಿ!"

"ಗಂಡಿನ ಕಡೇರ್ನ ಒಂದ್ಮಾತು ಕೇಳ್ಕಂಬಾ. ಆಮೇಲೆ ಅವ್ರು ಜಗಳಕ್ಕೆ ನನ್ನ ಬಾಗ್ಲಿಗೆ ಬತ್ತಾರೆ."

ಬೆರಳು ನನ್ನದು, ನೋವು ನನ್ನದು, ಅಪ್ಪಣೆ ತರೀಕೆರೆಯಿಂದ ಬರಬೇಕು! ವಾಪಸು ಬರುವಾಗ ಬಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿದೆ. ಕೈಗೋಸ್ಕರ ಉಂಗುರವೇ ಹೊರತು ಉಂಗುರಕ್ಕೋಸ್ಕರ ಕೈಯಲ್ಲ, ದುಡಿಯುವ ಕೈಗೆ ಒಗ್ಗದ ಒಡವೆ ಒಡವೆಯೇ ಅಲ್ಲ, ಇದನ್ನು ಒಪ್ಪದ ಗಂಡಿನ ಜೊತೆ ಬಾಳುವುದು ಹೇಗೆ, ಹೀಗೆ. ಕೊನೆಯ ಮಾತಿಗೆ ನನಗೇ ಕಣ್ಣು ತುಂಬಿ ಬಂತು.

ಭಾನುವಾರ ಮಂಜುನಾಥ್ ಮನೆಗೆ ಬಂದರು. ತರೀಕೆರೆಯಲ್ಲಿ ಅವರದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಕಾಫಿ ಕೊಟ್ಟು, ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಅರಳಿತು. "ಅಯ್ಯೋ, ಅಂಗೇ ಮಾಡ್ಸು ಕಣೇ! ಇಷ್ಟು ದಿನ ಯಾಕೆ ಸುಮ್ನಿದ್ದೆ? ನಂಗೂ ಇದೇ ಗೋಳು. ನೀನು ತೊಡ್ಸಿದ ಉಂಗುರದ ಮೂಲೆಗೆ ತಂತಿ ಸಿಕ್ಕಾಕಂಡು ಸಾಕಾಗೋಯ್ತು. ಮೊದಲ ವಾರನೇ ತೆಗೆದು ಬೀರುನಾಗೆ ಇಟ್ಬಿಟ್ಟೆ" ಎಂದರು.

ಅವರ ಕೈ ನೋಡಿದೆ. ಬೆರಳು ಬೋಳಾಗಿತ್ತು. ಚೌಕದ ಕಪ್ಪು ಹರಳು, ನಾಲ್ಕು ಮೂಲೆಗೂ ಎದ್ದು ಕಾಣುವ ಕುಸುರಿ ಇದ್ದ ಆ ಉಂಗುರವನ್ನು ಅಂಗಡಿಯವರ ತಲೆ ತಿಂದು ಆರಿಸಿದವಳು ನಾನು.

"ನಿಶ್ಚಿತಾರ್ಥದ ಉಂಗುರ ಯಾರಾದ್ರೂ ತೆಗೆದಿಡ್ತಾರೇನ್ರೀ?" ನನ್ನ ದನಿ ಬೀದಿಗೆ ಕೇಳಿಸಿರಬೇಕು.

ಪಾಪ, ಅವರು ಗಾಬರಿಯಾಗಿ, "ಆಯ್ತು, ಎರಡನ್ನೂ ಒಟ್ಟಿಗೇ ಆಚಾರ್ರಿಗೆ ಕೊಡಾಣ. ನಂದೂ ಸಪಾಟು ಮಾಡ್ಲಿ" ಎಂದರು.

"ನಂದು ಕೊಡ್ತೀನಿ" ಎಂದೆ. "ನಿಮ್ದನ್ನ ಯಾರೂ ಮುಟ್ಟಕೂಡದು. ಅದು ಎಷ್ಟು ಚೆಂದ ಐತೆ!"