ಕಂಕುಳ ಸಂಶೋಧನೆ

ಆಯುಧಪೂಜೆಗೆ ಬುದ್ಧಿಯಿರುವವರು ಕತ್ತಿ, ಕುಡುಗೋಲು, ಸ್ಕೂಟರುಗಳಿಗೆ ಕುಂಕುಮ ಹಚ್ಚುತ್ತಾರೆ. ವೆಂಕಟಾಚಲ ಅವರು ಜೀವಕೋಶ ಬೆಳೆಸುವ ಇನ್‌ಕ್ಯುಬೇಟರಿಗೆ ಹಚ್ಚಿದರು. ಹಚ್ಚಿ ಸುಮ್ಮನಾಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಪೂಜೆಯಾದ ಆಯುಧ ಮರುದಿನದವರೆಗೆ ದುಡಿಯಬಾರದೆಂಬ ಶಾಸ್ತ್ರ ಹೇಳಿ ಅದರ ಸ್ವಿಚ್ಚನ್ನೂ ಆರಿಸಿ ಮೈನ್ ಬೋರ್ಡಿಗೆ ಬೀಗ ಹಾಕಿಬಿಟ್ಟರು.

ವೆಂಕಟಾಚಲ ಶಿವಮೊಗ್ಗದ ಒಂದು ಸಣ್ಣ ಖಾಸಗಿ ಸಂಶೋಧನಾ ಕೇಂದ್ರದ ಕಚೇರಿ ಮೇಲ್ವಿಚಾರಕರು. ವಿಜ್ಞಾನದಲ್ಲಿ ಅವರಿಗೆ ಗೊತ್ತಿದ್ದದ್ದು ಯಾವ ಬೀಗಕ್ಕೆ ಯಾವ ಕೈ ಎಂಬುದಷ್ಟೇ. ಆದರೆ ಬೀಗದ ಕೈ ಇರುವವನ ಮುಂದೆ ಡಾಕ್ಟರೇಟು ಇರುವವರೂ ಹಲ್ಲು ಕಿರಿಯಬೇಕಾಗುತ್ತದೆ. ಇನ್ನು ಡಾಕ್ಟರೇಟೂ ಇಲ್ಲದ ಸುಘೋಷನ ಪಾಡು ಕೇಳಬೇಕೆ?

ದುರ್ಗಿಗುಡಿಯ ಸುಘೋಷ ಅಲ್ಲಿ ಐದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ. ಅವನ ಗೈಡು ಡಾಕ್ಟರ್ ಷಡಕ್ಷರಪ್ಪ. ತಮ್ಮ ಜಮೀನಿನ ಬೇಲಿಯಲ್ಲಿ ಬೆಳೆದ ಯಾವುದೋ ಬೇರಿನ ಕಷಾಯ ಕ್ಯಾನ್ಸರ್ ಕೋಶಗಳನ್ನು ನಾಲ್ಕೇ ದಿನದಲ್ಲಿ ಕೊಲ್ಲುತ್ತದೆ ಎಂಬುದು ಅವರ ಸಿದ್ಧಾಂತ. ಕೊಲ್ಲುತ್ತದೆಯೋ ಇಲ್ಲವೋ ನೋಡುವುದು ಸುಘೋಷನ ಕೆಲಸ. ಮೂರು ಸಲ ನೋಡಲು ಹೋಗಿ ಮೂರು ಸಲವೂ ಬೂಷ್ಟು ಹಿಡಿದು ಎಲ್ಲ ಹಾಳಾಗಿತ್ತು. ಉಳಿದ ಕೊನೆಯ ಕೋಶಗಳನ್ನು ಅಂಗೈಯಗಲದ ಎರಡು ಚಪ್ಪಟೆ ಬಾಟಲಿಗಳಲ್ಲಿ ಬೆಳೆಸಿದ್ದ. ಕೋಶಗಳ ಪೋಷಕ ದ್ರವಕ್ಕೆ ಹಸಿರು ಚೀಟಿಯದರಲ್ಲಿ ಕಷಾಯ ಬೆರೆಸಿದ್ದ, ಕೆಂಪು ಚೀಟಿಯದರಲ್ಲಿ ಬರೀ ನೀರು. ಇವತ್ತು ಸಂಜೆಗೆ ನಾಲ್ಕು ದಿನ ತುಂಬಿ ಎಣಿಕೆ ಮಾಡಬೇಕು. ಪ್ರಬಂಧ ಒಪ್ಪಿಸಲು ಸೋಮವಾರ ಕಡೆಯ ದಿನ. ಈ ಎಣಿಕೆ ತಪ್ಪಿದರೆ ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬೆಳಿಗ್ಗೆ ಒಂಬತ್ತಕ್ಕೆ ಅವನು ಬಂದಾಗ ಇನ್‌ಕ್ಯುಬೇಟರಿನ ಎರಡೂ ಬದಿಗೆ ಬಾಳೆಕಂದು, ಮೇಲೊಂದು ಬೂದುಗುಂಬಳಕಾಯಿ. ದೀಪ ಮಾತ್ರ ಉರಿಯುತ್ತಿರಲಿಲ್ಲ.

"ಸಾರ್, ಇದು ಯಾಕೆ ಆಫ್ ಆಗಿದೆ?"

"ವರ್ಷವೆಲ್ಲ ದುಡಿಯುತ್ತಪ್ಪಾ," ಎಂದರು ವೆಂಕಟಾಚಲ ಪ್ರಸಾದದ ಚರುಪು ಬಾಯಿಗೆ ಹಾಕಿಕೊಳ್ಳುತ್ತಾ. "ನಿನಗೆ ಹಬ್ಬದ ರಜ ಬೇಕು, ಅದಕ್ಕೆ ಬೇಡ್ವಾ?"

"ಒಳಗೆ ಕೋಶ ಇದಾವೆ ಸಾರ್! ಮೂವತ್ತೇಳು ಡಿಗ್ರಿ ಇಲ್ದಿದ್ರೆ ಸತ್ತುಹೋಗ್ತವೆ!"

"ಕ್ಯಾನ್ಸರ್ ಕೋಶ ತಾನೇ? ಸಾಯಲಿ ಬಿಡು ಮಾರಾಯ. ಲೋಕಕ್ಕೆ ಒಳ್ಳೇದೇ ಆಯ್ತು."

"ಮೈನ್ ಬೋರ್ಡಿನ ಬೀಗದ ಕೈ ಕೊಡಿ ಸಾರ್, ಕಾಲಿಗೆ ಬೀಳ್ತೀನಿ."

"ಅದನ್ನ ದೇವರ ಮುಂದೆ ಇಟ್ಟಾಗಿದೆ. ನಾಳೆ ಮಂಗಳಾರತಿ ಆಗೋವರೆಗೂ ಮುಟ್ಟೋ ಹಾಗಿಲ್ಲ."

ಸುಘೋಷ ಷಡಕ್ಷರಪ್ಪನವರಿಗೆ ಏಳು ಸಲ ಫೋನ್ ಮಾಡಿದ. ಅವರು ಎತ್ತಲಿಲ್ಲ. ನವುಲೆಯ ಕ್ಯಾಂಪಸ್ಸಿನಲ್ಲಿದ್ದ ಸ್ನೇಹಿತನಿಗೆ ಮಾಡಿದ. ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ, ಲ್ಯಾಬಿಗೆ ಬೀಗ. ಕೊನೆಗೆ ನೆನಪಾದವನು ಭದ್ರಾವತಿಯ ಸೆಲ್ವಂ. ಅವನ ಜೊತೆ ಪಿಯುಸಿ ಓದಿ, ಜೀವಶಾಸ್ತ್ರದಲ್ಲೇ ಫೇಲಾಗಿ, ಓಲ್ಡ್ ಟೌನಿನಲ್ಲಿ ಕೋಳಿಮರಿ ಮಾಡಿಸುವ ಯಂತ್ರ ಇಟ್ಟುಕೊಂಡವನು. ಮೊಟ್ಟೆಗೆ ಬೇಕಾದ ಕಾವೂ ಹೆಚ್ಚುಕಡಿಮೆ ಮೂವತ್ತೇಳೇ.

ಇನ್‌ಕ್ಯುಬೇಟರಿನ ಒಳಗೆ ಇನ್ನೂ ಬಿಸಿಯಿತ್ತು. ಸುಘೋಷ ಬಾಟಲಿಗಳ ಮುಚ್ಚಳ ಬಿಗಿ ಮಾಡಿ, ಅಂಗಿಯೊಳಗೆ ಎಡ ಕಂಕುಳಿಗೊಂದು, ಬಲ ಕಂಕುಳಿಗೊಂದು ಸಿಕ್ಕಿಸಿಕೊಂಡ. ಎಣಿಕೆಗೆ ಬೇಕಾದ ನೀಲಿ ಬಣ್ಣದ ಸೀಸೆಯ ಜೊತೆಗೆ ಉಗ್ರಾಣದಲ್ಲಿದ್ದ ಕನ್ನಡಿಯ ಹಳೇ ಸೂಕ್ಷ್ಮದರ್ಶಕವನ್ನು ಚೀಲಕ್ಕೆ ತುರುಕಿದ. ಅದು ಯಾವ ಕೆಲಸಕ್ಕೂ ಬಾರದ್ದೆಂದು ಅದಕ್ಕೆ ಯಾರೂ ಕುಂಕುಮ ಹಚ್ಚಿರಲಿಲ್ಲ.

ಭದ್ರಾವತಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ತೋಳೆತ್ತಿ ಸರಳು ಹಿಡಿಯುವ ಹಾಗಿಲ್ಲ, ಹಿಡಿಯದೆ ನಿಲ್ಲುವ ಹಾಗಿಲ್ಲ. ಬಸ್ಸು ತಿರುಗಿದ ಕಡೆಗೆಲ್ಲ ಸುಘೋಷನೂ ತಿರುಗಿ, ಮೂರು ಜನರ ಕಾಲು ತುಳಿದು, ಒಬ್ಬರ ಚೆಂಡುಹೂವಿನ ಬುಟ್ಟಿಯಲ್ಲಿ ಕೂತೆದ್ದ. ಕಂಡಕ್ಟರ್ ಟಿಕೆಟ್ ಕೇಳಿದಾಗ, "ದುಡ್ಡು ಜೇಬಲ್ಲಿದೆ, ನೀವೇ ತಗೊಳ್ಳಿ ಸಾರ್," ಎಂದ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಎರಡು ಬೆರಳಲ್ಲಿ ಹಿಡಿದು ನೋಟು ತೆಗೆದುಕೊಂಡ.

ಸೀಟಿನಲ್ಲಿದ್ದ ಹೆಂಗಸೊಬ್ಬರು ಮರುಗಿದರು. "ಎರಡೂ ಕಂಕುಳಲ್ಲಿ ಕುರುವೇನಪ್ಪಾ? ಪಾಪ. ಅರಿಶಿನ, ಬೆಲ್ಲ, ಸುಣ್ಣ ಕಲಸಿ ಹಚ್ಚು. ನಮ್ಮ ಯಜಮಾನ್ರಿಗೆ ಕೂರೋ ಜಾಗದಲ್ಲೇ ಆಗಿತ್ತು, ಮೂರೇ ದಿನಕ್ಕೆ ಒಡೀತು."

"ಕುರು ಅಲ್ಲಮ್ಮ, ಸಂಶೋಧನೆ."

"ಏನಾದ್ರೂ ಆಗಲಿ, ಸುಣ್ಣ ಹಚ್ಚು," ಎಂದರು ಅವರು. ಅಲ್ಲಿಂದ ಮುಂದೆ ಅವನ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ. ಅದೊಂದು ಲಾಭ.

ಸೆಲ್ವಂ ಬಾಗಿಲಲ್ಲೇ ನಕ್ಕ. "ಏನ್ ಡಾ ಸೈಂಟಿಸ್ಟು, ಎರಡು ಕೈನೂ ಮುರ್ಕೊಂಡ್ಯಾ?"

"ನಿನ್ನ ಮಷೀನ್ ಆನ್ ಇದ್ಯೇನೋ? ಇವತ್ತು ಆಯುಧಪೂಜೆ..."

"ಪೂಜೆ ಆಯ್ತು. ಕುಂಕುಮ ಹಚ್ಚಿದೀನಿ, ನಿಂಬೆಹಣ್ಣು ಕಟ್ಟಿದೀನಿ. ಆಫ್ ಯಾಕೆ ಮಾಡ್ಲಿ? ಒಳಗೆ ಆರುನೂರು ಮೊಟ್ಟೆ ಇದೆ. ಮೊಟ್ಟೆಗೆ ಹಬ್ಬ ಗೊತ್ತಾ ಡಾ?"

ಸುಘೋಷನಿಗೆ ಅಳು ಬಂತು. ತನ್ನ ಕೇಂದ್ರದ ಬೋರ್ಡಿನ ಮೇಲೆ ಐದು ಜನ ಡಾಕ್ಟರುಗಳ ಹೆಸರಿದೆ. ಆ ಐವರಿಗೂ ತಿಳಿಯದ ಸಂಗತಿ ಫೇಲಾದವನಿಗೆ ತಿಳಿದಿತ್ತು. ಫೇಲು ಮಾಡಿದವರು ಯಾರೋ, ಅವರನ್ನು ಕರೆದು ಕೋಳಿಗೂಡಿನಲ್ಲಿ ಕೂರಿಸಬೇಕು.

ಬಾಟಲಿಗಳು ಮೊಟ್ಟೆಗಳ ನಡುವೆ ಬೆಚ್ಚಗೆ ಕುಳಿತವು. ಆದರೆ ಸೆಲ್ವಂನ ತಾಯಿಗೆ ಕುತೂಹಲ ತಡೆಯಲಿಲ್ಲ. ಗಳಿಗೆಗೊಮ್ಮೆ ಯಂತ್ರದ ಬಾಗಿಲು ತೆಗೆದು ಇಣುಕಿ, "ಇನ್ನೂ ಒಡೆದಿಲ್ಲ," ಎಂದು ವರದಿ ಕೊಡುತ್ತಿದ್ದರು. ಪ್ರತಿ ಸಲವೂ ಕಾವು ಎರಡು ಡಿಗ್ರಿ ಇಳಿಯುತ್ತಿತ್ತು.

"ಅಮ್ಮಾ, ಅದರಿಂದ ಮರಿ ಬರಲ್ಲ!"

"ಮತ್ತೆ ಯಾಕಪ್ಪಾ ಕಾವಿಗೆ ಇಟ್ಟಿದೀಯ?"

ಸುಘೋಷ ಊಟವನ್ನೂ ಮಾಡದೆ ಯಂತ್ರದ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಹೊಸದಾಗಿ ಹೊರಬಂದ ಮರಿಗಳು ಅವನ ಮಡಿಲಲ್ಲಿ ಹತ್ತಿ ಇಳಿದು, ಮಾಡಬಾರದ್ದನ್ನೆಲ್ಲ ಮಾಡಿದವು.

ಸಂಜೆ ನಾಲ್ಕೂವರೆಗೆ ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿ ಇಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಎಣಿಸಲು ಕೂತ. ಒಂದು ಹನಿ ಕೋಶ, ಒಂದು ಹನಿ ನೀಲಿ ಬಣ್ಣ. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣವನ್ನು ಹತ್ತಿರ ಸೇರಿಸುವುದಿಲ್ಲ. ಮೊದಲು ಕೆಂಪು ಚೀಟಿಯದು. ನೂರಕ್ಕೆ ತೊಂಬತ್ತಾರು ಬದುಕಿದ್ದವು! ಸುಘೋಷ ಸೆಲ್ವಂನನ್ನು ತಬ್ಬಿಕೊಂಡ. ಆಮೇಲೆ ಕಷಾಯದ್ದು, ಹಸಿರು ಚೀಟಿಯದು. ನೂರಕ್ಕೆ ತೊಂಬತ್ತೇಳು. ಮತ್ತೆ ಎಣಿಸಿದ, ಮತ್ತೆ ಎಣಿಸಿದ. ಕಷಾಯ ಕುಡಿದವು ಹಬ್ಬದೂಟ ಮಾಡಿದವರ ಹಾಗೆ ಮೈಕೈ ತುಂಬಿಕೊಂಡು ಹೊಳೆಯುತ್ತಿದ್ದವು.

ಅಂದರೆ ಕಷಾಯದಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೂ ಸುಘೋಷನಿಗೆ ಏನೋ ಹಗುರವಾಯಿತು. ಐದು ವರ್ಷದಲ್ಲಿ ಮೊದಲ ಸಲ ಅವನಿಗೆ ಒಂದು ಸಂಗತಿ ಖಚಿತವಾಗಿ ಗೊತ್ತಾಗಿತ್ತು. ಕೆಲಸ ಮಾಡುವುದಿಲ್ಲ ಎಂದು ತೋರಿಸುವುದೂ ಸಂಶೋಧನೆಯೇ ಅಲ್ಲವೇ? ಅದನ್ನೇ ಬರೆದು ಸೋಮವಾರ ಒಪ್ಪಿಸಿದರಾಯಿತು.

ಬಾಟಲಿಗಳನ್ನು ಮತ್ತೆ ಕಂಕುಳಿಗೇರಿಸಿ ಶಿವಮೊಗ್ಗಕ್ಕೆ ಬಂದು, ನೇರವಾಗಿ ಷಡಕ್ಷರಪ್ಪನವರ ಮನೆಗೆ ಹೋದ. ಅವರು ಜಗುಲಿಯಲ್ಲಿ ಹೋಳಿಗೆ ತಿನ್ನುತ್ತಾ ಕೂತಿದ್ದರು. ಫೋನು ಪಕ್ಕದಲ್ಲೇ ಇತ್ತು.

"ಸಾರ್, ಎರಡೂ ಬದುಕಿವೆ! ಕಷಾಯ ಏನೂ ಮಾಡಲ್ಲ ಸಾರ್!"

ಷಡಕ್ಷರಪ್ಪ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದರು. "ಬದುಕಿವೆಯಾ? ಕರೆಂಟ್ ಇರಲಿಲ್ಲವಲ್ಲೋ?"

"ಭದ್ರಾವತಿಗೆ ಹೋಗಿ ಕೋಳಿಮೊಟ್ಟೆ ಜೊತೆ ಇಟ್ಟು ಉಳಿಸ್ದೆ ಸಾರ್."

"ನಿನ್ನ ಶ್ರದ್ಧೆಗೆ ಬೆಂಕಿ ಹಾಕ," ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಒಳಗಿಂದ ಒಂದು ಕಾಗದ ತಂದು ಕೈಗಿಟ್ಟರು. ಯಾವುದೋ ವಿಜ್ಞಾನ ಪತ್ರಿಕೆ ಅವರ ಲೇಖನವನ್ನು ಒಪ್ಪಿಕೊಂಡು ಬರೆದ ಪತ್ರ. ಕಷಾಯದಿಂದ ನೂರಕ್ಕೆ ತೊಂಬತ್ತೆರಡು ಕ್ಯಾನ್ಸರ್ ಕೋಶಗಳು ಸತ್ತವು ಎಂದು ಅದರಲ್ಲಿತ್ತು. ಲೇಖಕರಲ್ಲಿ ಮೊದಲ ಹೆಸರು ಸುಘೋಷನದು. ಪ್ರಯೋಗ ಮಾಡಿದವನೂ ಅವನೇ ಎಂದಿತ್ತು.

"ನಾನು ಈ ಪ್ರಯೋಗ ಮುಗಿಸಿದ್ದೇ ಇವತ್ತು ಸಾರ್!"

"ಕಳಿಸಿದ್ದು ಎರಡು ತಿಂಗಳ ಹಿಂದೆ. ನಿನ್ನ ಪ್ರಬಂಧಕ್ಕೆ ಪೇಪರ್ ಬೇಕಲ್ವೇನೋ? ನಿನ್ನ ಒಳ್ಳೇದಕ್ಕೇ ಮಾಡಿದ್ದು. ನೀನು ನೋಡಿದ್ರೆ ಮತ್ತೆ ಎಣಿಸ್ತೀನಿ ಅಂತ ಹಟ ಹಿಡ್ದೆ. ಅದಕ್ಕೇ ವೆಂಕಟಾಚಲಂಗೆ ಹೇಳಿ ಸ್ವಿಚ್ ಆಫ್ ಮಾಡ್ಸಿದ್ದು. ಹಬ್ಬದಲ್ಲಿ ಪ್ರಯೋಗ ಹಾಳಾದ್ರೆ ಯಾರೂ ಏನೂ ಕೇಳಲ್ಲ ಮಾರಾಯ."

ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎನ್ನುವುದು ಇಂಥವರನ್ನೇ. ಅವರು ಎರಡೂ ಬಾಟಲಿ ಇಸಿದುಕೊಂಡು ಹೋಗಿ ಬಚ್ಚಲಿಗೆ ಸುರಿದರು. ಮೇಲೆ ಎರಡು ಮುಚ್ಚಳ ಫಿನಾಯಿಲ್ ಹಾಕಿದರು.

"ನೋಡು, ಈಗ ಸತ್ತವು. ನಮ್ಮ ಪೇಪರ್ ಸರಿಯಾಯ್ತು. ಸೋಮವಾರ ಬಾ, ಪ್ರಬಂಧಕ್ಕೆ ಸೈನ್ ಹಾಕ್ತೀನಿ. ಹೋಳಿಗೆ ತಿಂತೀಯಾ?"

ಸುಘೋಷ ಬಾಯಿ ತೆರೆಯಬೇಕಾದದ್ದು ಆಗ. ತೆರೆದ, ಆದರೆ ಹೋಳಿಗೆಗೆ. ಐದು ವರ್ಷ, ಅಮ್ಮನ ಮುಖ, ಸೋಮವಾರದ ಸೈನು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು. ಬೆನ್ನುಮೂಳೆ ಇಲ್ಲದ ಜೀವಕೋಶಗಳ ಜೊತೆ ಐದು ವರ್ಷ ಕಳೆದವನಿಂದ ಅದಕ್ಕಿಂತ ಹೆಚ್ಚೇನು ನಿರೀಕ್ಷಿಸುವುದು? ತುಪ್ಪ ಹಾಕಿಸಿಕೊಂಡು ತಿಂದು ಎದ್ದುಬಂದ.

ದುರ್ಗಿಗುಡಿಯ ಮನೆ ಮುಂದೆ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಅದೇ ಬೀದಿಯ ವೆಂಕಟಾಚಲ, ಷಡಕ್ಷರಪ್ಪನವರು ಕಳಿಸಿದ ಸುದ್ದಿಯನ್ನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು: ನಮ್ಮ ಸುಘೋಷನಿಂದ ಕ್ಯಾನ್ಸರಿಗೆ ಮದ್ದು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪಾತ್ರೆ. ಹಾರ್ಲಿಕ್ಸ್ ಬಾಟಲಿ, ಟಿಫಿನ್ ಡಬ್ಬಿ, ಹಾಲಿನ ಕ್ಯಾನು. ಎದುರುಮನೆಯ ಸತ್ಯಭಾಮಾ ಮುಂದೆ ಬಂದು ಅವನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನಮ್ಮ ತಂಗಿಗೆ ನಾಳಿದ್ದು ಆಪರೇಷನ್ ಅಂತ ಹೇಳಿದ್ರು ಕಣೋ. ಇನ್ನು ಯಾಕೆ ಅಂತ ಬೇಡ ಅಂದ್ಬಿಟ್ವಿ. ಒಂದು ಬಾಟಲಿ ಸಾಕಾಗುತ್ತಾ?"

ಸುಘೋಷ ಕೂಗಿದ. "ಬೇಡ! ಆಪರೇಷನ್ ಮಾಡಿಸಿ! ಅದರಿಂದ ಏನೂ ಗುಣ ಆಗಲ್ಲ. ಸುಳ್ಳು ಅದು! ಇವತ್ತು ನಾನೇ ನನ್ನ ಕಣ್ಣಾರೆ ಎಣಿಸಿ ನೋಡಿದ್ದೀನಿ!"

ವೆಂಕಟಾಚಲ ಮೊಬೈಲ್ ಎತ್ತಿ ಹಿಡಿದರು. "ಇಲ್ಲಿ ಇಂಗ್ಲಿಷಲ್ಲಿ ಬರೆದಿದೆ, ಮೊದಲನೇ ಹೆಸರೇ ನಿಂದು. ಬರೆದಿದ್ದು ಸುಳ್ಳಾಗುತ್ತಾ?"

"ಕೊಡೋ ಮನಸ್ಸಿಲ್ಲದಿದ್ರೆ ಹೀಗೇ ಮಾರಾಯ್ತಿ," ಎಂದಿತು ಹಿಂದಿನಿಂದ ಒಂದು ದನಿ. "ಫಾರಿನ್ನಿನವರಿಗೆ ಮಾರ್ತಾನೆ, ನೋಡ್ತಿರು."

ಸತ್ಯಭಾಮಾ ಅವನ ಕೈ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಷಡಕ್ಷರಪ್ಪನವರ ಮನೆ ಎಲ್ಲಿ ಎಂದು ವೆಂಕಟಾಚಲ ಅವರನ್ನು ಕೇಳಿದರು. ಗುಂಪೆಲ್ಲ ಅತ್ತ ತಿರುಗಿತು. ಸುಘೋಷ ಎರಡೂ ತೋಳು ಚಾಚಿ ಅಡ್ಡ ನಿಂತ. ಅವರು ಅವನ ಸುತ್ತ ಹಾದು ಹೋದರು. ತಿರುಗಿ ನೋಡಿದರೆ ತಾಯಿ ವೇದಾವತಿ ಒಳಗಿಂದ ಸ್ಟೀಲಿನ ಚೊಂಬು ಹಿಡಿದು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಅಮ್ಮಾ, ನೀನೆಲ್ಲಿಗೆ?"

"ಮನೆಯವರಿಗೆ ಕೊಡೋಕೂ ನಿನಗೆ ಕೈ ಬರಲಿಲ್ಲವಲ್ಲೋ," ಎಂದರು ವೇದಾವತಿ ಮುಖ ತಿರುಗಿಸಿ. "ನಿಮ್ಮ ಸಾರ್ ಹತ್ರನೇ ಇಸ್ಕೊಂಡು ಬರ್ತೀನಿ ಬಿಡು."