ಕಾಶ್ಯಪ ಗೋತ್ರದ ಫ್ರಾನ್ಸಿನ ಹುಡುಗಿ

ನಮ್ಮ ಅಣ್ಣನಿಗೆ ಫ್ರಾನ್ಸಿನಲ್ಲಿ ನೂರಾರು ನೆಂಟರಿದ್ದರು. ಎಲ್ಲರೂ ಸತ್ತವರು, ಅದರಲ್ಲಿ ಅರ್ಧ ಜನ ಕೊಲೆಯಾದವರು. ಶಿರಸಿಯಲ್ಲಿ ಬದುಕಿದ್ದ ನೆಂಟ ನಾನೊಬ್ಬನೇ: ಮದುವೆ ಮುಂಜಿಯ ಅಡಿಗೆಯವ, ಏಳನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವ. ನನ್ನ ಮನೆಗೆ ಬಂದರೂ ಅವನಿಗೆ ಆ ಸತ್ತವರ ಸುದ್ದಿಯೇ. ಸಿಟ್ಟು ಬಾರದೆ ಇರುತ್ತದೆಯೆ?

ಅಣ್ಣ ಸಿದ್ದಾಪುರದ ಕಡೆ ಹೈಸ್ಕೂಲಿನಲ್ಲಿ ಚರಿತ್ರೆಯ ಮಾಸ್ತರ. ಮದುವೆಯಾಗಲಿಲ್ಲ. ಯಲ್ಲಾಪುರದಿಂದ ವರ್ಗವಾಗಿ ಹೊರಟ ಪಾದ್ರಿಯೊಬ್ಬರು ಗಂಟುಮೂಟೆಯ ಭಾರ ಇಳಿಸಿಕೊಳ್ಳಲೆಂದು ಅವನಿಗೊಂದು ದಪ್ಪ ಪುಸ್ತಕ ಕೊಟ್ಟರು. ಫ್ರಾನ್ಸಿನ ಸಂತರದ್ದು, ಅಲ್ಲಿನ ಧರ್ಮದ ಜಗಳಗಳದ್ದು. ಭಾರ ಅಲ್ಲಿಂದ ಇಳಿದು ನಮ್ಮ ತಲೆಯ ಮೇಲೆ ಕೂತಿತು.

ವಾನಳ್ಳಿಯಲ್ಲೊಂದು ಮದುವೆ. ಅಡಿಗೆ ನನ್ನದು. ಪಂಕ್ತಿಯಲ್ಲಿ ಕೂತ ಅಣ್ಣ, ಪಾಯಸ ಬರುವ ಹೊತ್ತಿಗೆ ಸರಿಯಾಗಿ, ಪ್ಯಾರಿಸಿನ ರಾಜಮನೆತನದ ಮದುವೆಯ ಕಥೆ ತೆಗೆದ. ಹೆಣ್ಣು ಹಳೆ ಪಂಥ, ಗಂಡು ಹೊಸ ಪಂಥ. ಗಂಡಿನ ಕಡೆಯಿಂದ ಬಂದವರನ್ನು ವಾರ ಕಳೆಯುವುದರೊಳಗೆ ಹಾಸಿಗೆಯಲ್ಲೇ ಕಡಿದು ಹಾಕಿದರಂತೆ. ಎಲೆ ಮುಂದೆ ಕೂತವರ ಕೈ ನಿಂತಿತು.

“ಪಾಯಸದ ಹೊತ್ತಿಗೆ ಕೊಲೆ ಸುದ್ದಿ ಎಂತಕಾ?” ಎಂದೆ, ಸೌಟು ಹಿಡಿದೇ.

“ಮದ್ವೆ ಕಥೆ ಮದ್ವೇಲಲ್ದೆ ಮತ್ತೆಲ್ಲಿ ಹೇಳವು?”

ಅರ್ಧ ಕೊಪ್ಪರಿಗೆ ಪಾಯಸ ಉಳಿಯಿತು. ಸಿಹಿ ಕಮ್ಮಿಯಾಯಿತೆಂದು ಯಜಮಾನರು ನನ್ನನ್ನು ಬೈದರು. ಫ್ರಾನ್ಸಿನ ರಾಜನನ್ನು ಯಾರೂ ಬೈಯಲಿಲ್ಲ.

ಇನ್ನೊಮ್ಮೆ ನಾನು ಪಾತ್ರೆ ತಿಕ್ಕುವಾಗ ಬಂದು ಕೂತ. “ತಮಾ, ಪ್ಯಾರಿಸಿನ ಮಠದಲ್ಲಿ ನಿನ್ನ ಹಾಂಗೇ ಒಬ್ಬ ಅಡಿಗೆಯವ ಇದ್ದಿದ್ದ. ಪಾತ್ರೆ ನಡುವೇ ದೇವರನ್ನ ಕಂಡ್ನಡ.”

“ಆನೂ ಇಪ್ಪತ್ತು ವರ್ಷದಿಂದ ತಿಕ್ತಾ ಇದ್ದೆ. ತಳ ಹತ್ತಿದ ಹುಳಿ ಬಿಟ್ರೆ ಎಂತದೂ ಕಂಡಿದ್ದಿಲ್ಲೆ.”

“ಅಂವ ಬೈಯದ್ದೆ ತಿಕ್ತಿದ್ದ ಮಾರಾಯ.”

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ಅಜ್ಜಂದಿರಿಗೆ ಎಳ್ಳುನೀರು ಬಿಟ್ಟಾದ ಮೇಲೆ, ತಮ್ಮವರೆಂಬವರಿಲ್ಲದೆ ಸತ್ತವರಿಗೂ ಒಂದು ಬೊಗಸೆ ಬಿಡುವ ಕ್ರಮವುಂಟು. ಅಣ್ಣ ಕಿಸೆಯಿಂದ ಚೀಟಿ ತೆಗೆದ. ಮೊದಲ ಹೆಸರು, ದೇವರ ದನಿ ಕೇಳಿತೆಂದು ಯುದ್ಧಕ್ಕೆ ಹೋಗಿ, ಕೊನೆಗೆ ಧರ್ಮದವರೇ ಬೆಂಕಿಗೆ ಕೊಟ್ಟ ಹಳ್ಳಿ ಹುಡುಗಿಯದು.

“ಗೋತ್ರ?” ಎಂದರು ಪುರೋಹಿತ ಭಟ್ಟರು, ಅಭ್ಯಾಸಬಲದಿಂದ.

“ಗೋತ್ರ ಗೊತ್ತಿಲ್ದವ್ಕೆಲ್ಲ ಕಾಶ್ಯಪ ಹೇಳಿ ನೀವೇ ಹೇಳ್ತ್ರಲಿ.”

ಭಟ್ಟರು ಹೆಸರನ್ನು ನಾಲ್ಕು ಸಲ ಕೇಳಿ, ತಿದ್ದಿಸಿಕೊಂಡು, ಮಂತ್ರಕ್ಕೆ ಸೇರಿಸಿದರು. ಮುಂದಿನದು, ಅವಳ ದೆಸೆಯಿಂದ ಕಿರೀಟ ತೊಟ್ಟು, ಅವಳು ಸೆರೆಯಾದಾಗ ಬಿಡಿಸಲು ಬಾರದೆ ಹೋದ ರಾಜನ ಹೆಸರು.

“ಆ ಹೇಡಿಗೆ ಎಂತಕೆ ನೀರು?” ಎಂದೆ.

“ಅವಂಗೆ ಬಾಯಿ ಹೆಚ್ಚು ಒಣಗಿಕ್ಕು, ತಮಾ.”

ಪ್ರತಿವರ್ಷ ಇದೇ ನಡೆಯಿತು. ತೊಂಬತ್ತರ ದಶಕ, ಧರ್ಮದ ಮಾತು ಬಂದರೆ ಶಿರಸಿಯಲ್ಲೂ ಜನ ದನಿ ಏರಿಸುತ್ತಿದ್ದ ಕಾಲ. ಸುದ್ದಿ ಹೇಗೋ ಹಿರಿಯರ ಕಿವಿಗೆ ಬಿತ್ತು. ನಾಲ್ಕು ಜನ ನನ್ನ ಒಲೆಯ ಹತ್ತಿರವೇ ಬಂದು ನಿಂತರು.

“ಹೊರಗಿನವ್ಕೆ ಎಳ್ಳುನೀರು ಬಿಡವನ ತಮ್ಮನ ಕೈಲಿ ಅಡಿಗೆ ಮಾಡ್ಸದು ಹೇಂಗಾ? ನಿನ್ನ ಅಣ್ಣ ಬೇಕು ಹೇಳೇ ಮಾಡ್ತ್ನ, ಅಲ್ದಿದ್ರೆ ತಲೆ ಸರಿ ಇಲ್ಯ?”

ಮುಂದಿನ ತಿಂಗಳ ದೊಡ್ಡದೊಂದು ಉಪನಯನದ ಅಡಿಗೆ ನನಗೆ ಬರುವುದಿತ್ತು. ಅಣ್ಣ ಅಲ್ಲೇ ಕೂತು ನನಗಾಗಿ ತೆಂಗಿನಕಾಯಿ ಸುಲಿಯುತ್ತಿದ್ದ.

“ತಲೆ ಸರಿ ಇಲ್ಲೆ,” ಎಂದೆ.

ತಲೆ ಕೆಟ್ಟವ ಯಾರಿಗೆ ನೀರು ಬಿಟ್ಟರೇನು ಎಂದು ಅವರು ಸಮಾಧಾನದಿಂದ ಹೊರಟರು. ಅಡಿಗೆ ನನಗೇ ಬಂತು. ಅಂದಿನಿಂದ ಪಂಕ್ತಿಯಲ್ಲಿ ಅಣ್ಣನಿಗೆ ತುದಿಯ ಎಲೆ. ಪಕ್ಕದವರು “ಪಾಪ” ಎಂದು ಆಚೆ ಸರಿಯುತ್ತಿದ್ದರು. ಅವನು ಮತ್ತೆ ಯಾರಿಗೂ ಕಥೆ ಹೇಳಲಿಲ್ಲ. ಪಾಯಸ ಒಂದು ಸೌಟೂ ಉಳಿಯಲಿಲ್ಲ.

ಒಮ್ಮೆ ಮಾತ್ರ ಕೇಳಿದ: “ತಮಾ, ಅವತ್ತು ಸಿಟ್ಟು ಬಂದು ಹೇಳಿದ್ಯ, ಹೆದ್ರಿ ಹೇಳಿದ್ಯ?”

“ಸಿಟ್ಟು ಬಂದು.”

ಅದೂ ಸುಳ್ಳು. ಸಿಟ್ಟು ಬಂದದ್ದು ಆಮೇಲೆ. ಆ ನಾಲ್ವರ ಮೇಲೆ, ನನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚು, ಒಂದು ಮಾತೂ ಬೈಯದೆ ಹೋದ ಅಣ್ಣನ ಮೇಲೆ. ಇನ್ನೂ ಇಳಿದಿಲ್ಲ.

ಅವನು ಹೋದ ಮರುವರ್ಷದ ಮಹಾಲಯಕ್ಕೆ ಅದೇ ಭಟ್ಟರು ಬಂದರು. ಅಪ್ಪ, ಅಜ್ಜ, ಅಣ್ಣ, ಎಲ್ಲರದೂ ಮುಗಿಯಿತು. ನಾನು ಬೊಗಸೆಯಲ್ಲಿ ನೀರು ಹಿಡಿದೇ ಕೂತೆ. ಚೀಟಿ ಎಲ್ಲೋ ಹೋಗಿತ್ತು. ಅಷ್ಟು ವರ್ಷ ಕೇಳಿಯೂ ಆ ಹುಡುಗಿಯ ಹೆಸರು ನನ್ನ ನಾಲಿಗೆಗೆ ಬಾರದು.

“ಫ್ರಾನ್ಸಿನ ಕೂಸು ಒಂದಿತ್ತು...” ಎಂದೆ. “ಕಾಶ್ಯಪ ಗೋತ್ರ.”

“ನೀನು ನೀರು ಬಿಡಾ. ಹೆಸರು ಯಂಗೆ ನೆನಪಿದ್ದು,” ಎಂದು ಭಟ್ಟರು ಒಮ್ಮೆಯೂ ತಪ್ಪದೆ ಅದನ್ನು ಮಂತ್ರಕ್ಕೆ ಸೇರಿಸಿದರು.

ಬಿಟ್ಟೆ. ಮತ್ತೆ ಬೊಗಸೆ ಒಡ್ಡಿದೆ. ರಾಜನ ಹೆಸರನ್ನು ನಾನು ಕೇಳುವ ಮೊದಲೇ ಅವರು ಹೇಳಿದರು.